ಕೊರೆಟ್ಟಾ ಸ್ಕಾಟ್ ಕಿಂಗ್: ಶವಪೆಟ್ಟಿಗೆ ಮುಂದೆ ರಾಜಕೀಯ ಮಾತಾಡಿದ್ದು ತಪ್ಪಾ?

ಎಲ್ರಿಗೂ ನಮಸ್ಕಾರ. ಬೆಳಗ್ಗೆ ಗಾಂಧಿ ಫೋಟೋಗೆ ಹಾರ ಹಾಕಿ, 11 ಗಂಟೆಗೆ ಎದ್ದು ನಿಂತು ಮೌನ ಆಚರಿಸಿ ಆಮೇಲೆ ಇಲ್ಲಿಗೆ ಬಂದಿರೋರೇ ಜಾಸ್ತಿ ಇದ್ದೀರ ಅನ್ಸುತ್ತೆ. ಹುತಾತ್ಮರ ದಿನ ಗಾಂಧಿನ ಬಿಟ್ಟು ಅಮೆರಿಕದ ಹೆಂಗಸೊಬ್ಬರ ಬಗ್ಗೆ ಯಾಕ್ರೀ ಉಪನ್ಯಾಸ ಅಂತ ಕರಪತ್ರ ನೋಡಿದ ಹಿರಿಯರೊಬ್ರು ಕೇಳಿದ್ರಂತೆ, ನ್ಯಾಯವಾದ ಪ್ರಶ್ನೆನೇ. ಕೊರೆಟ್ಟಾ ಸ್ಕಾಟ್ ಕಿಂಗ್ ಅಂದ್ರೆ ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದೋರು, ಮಾರ್ಟಿನ್ ಲೂಥರ್ ಕಿಂಗ್ ಹೆಂಡತಿ. ಅವರು ತೀರ್ಕೊಂಡಿದ್ದು 2006ರ ಜನವರಿ 30ಕ್ಕೆ. ಅವರ ಮನೆ ಮೇಲೆ ಬಾಂಬ್ ಬಿದ್ದಿದ್ದೂ ಜನವರಿ 30ನೇ, 1956ರಲ್ಲಿ, ಸರಿಯಾಗಿ 50 ವರ್ಷ ಮುಂಚೆ. ಇದ್ರಲ್ಲಿ ನಂಗೆ ಜ್ಯೋತಿಷ್ಯ ಏನೂ ಕಾಣಲ್ಲ, ಕಾಕತಾಳೀಯ ಅಷ್ಟೇ, ಆದ್ರೆ ಮಾತು ಶುರು ಮಾಡೋಕೆ ಒಂದು ನೆಪ ಸಿಕ್ತು.

ನಾನು ಇವತ್ತು ಅವರ ಜೀವನಚರಿತ್ರೆ ಒಪ್ಪಿಸೋಕೆ ಬಂದಿಲ್ಲ, ಅದು ನಿಮ್ಮ ಫೋನಲ್ಲೇ ಸಿಗುತ್ತೆ. ನಂಗೆ ತಲೆ ಕೊರೀತಿರೋ ವಿಷಯ ಬೇರೆ. ಇಂಥ ದೊಡ್ಡೋರು ಹೋದಾಗ ನಾವು ದುಃಖಪಡೋದು ಹೇಗೆ, ಗೌರವ ಕೊಡೋದು ಹೇಗೆ? ನಮ್ಮಲ್ಲಂತೂ ಅದಕ್ಕೊಂದು ಫಾರ್ಮ್ಯಾಟ್ ಇದೆ. ಫೋಟೋ, ದೀಪ, ಒಂದು ನಿಮಿಷ ಮೌನ, ತುಂಬಲಾರದ ನಷ್ಟ, ಮುಗೀತು, ಕಾಫಿ. ಸತ್ತೋರು ಬದುಕಿದ್ದಾಗ ಯಾರ ಜೊತೆ ಜಗಳ ಆಡ್ತಿದ್ರು, ಯಾವುದಕ್ಕೆ ಆಡ್ತಿದ್ರು ಅನ್ನೋದನ್ನ ಮಾತ್ರ ಯಾರೂ ಎತ್ತಬಾರ್ದು, ಎತ್ತಿದ್ರೆ ಸಂಸ್ಕಾರ ಇಲ್ಲದವನು. ಕೊರೆಟ್ಟಾ ಅಂತ್ಯಸಂಸ್ಕಾರದಲ್ಲಿ ನಡೆದಿದ್ದೂ ಇದೇ ಗಲಾಟೆ.

2006 ಫೆಬ್ರವರಿ 7, ಅಟ್ಲಾಂಟಾ ಪಕ್ಕದ ಲಿಥೋನಿಯಾ ಅನ್ನೋ ಊರಿನ ದೊಡ್ಡ ಚರ್ಚು. ಹತ್ತು ಸಾವಿರಕ್ಕೂ ಮೇಲೆ ಜನ, ಸುಮಾರು ಆರು ಗಂಟೆ ಕಾರ್ಯಕ್ರಮ (ಹೆದರಬೇಡಿ, ನಾನು ಅಷ್ಟು ಹೊತ್ತು ಮಾತಾಡಲ್ಲ). ವೇದಿಕೆ ಮೇಲೆ ನಾಲ್ಕು ಜನ ಅಧ್ಯಕ್ಷರು: ಆಗಿನ ಅಧ್ಯಕ್ಷ ಜಾರ್ಜ್ ಬುಷ್, ಅವರಪ್ಪ ದೊಡ್ಡ ಬುಷ್, ಕ್ಲಿಂಟನ್, ಕಾರ್ಟರ್. ಎಲ್ಲಾ ಚೆನ್ನಾಗಿ ಹೋಗ್ತಿತ್ತು, ಸೌಮ್ಯ ಮಹಿಳೆ, ಘನತೆ, ಅಂತೆಲ್ಲಾ. ಆಗ ಎದ್ದು ನಿಂತ್ರು ನೋಡಿ ರೆವರೆಂಡ್ ಜೋಸೆಫ್ ಲೋವರಿ. 84 ವರ್ಷದ ಮುದುಕ, ಮಾರ್ಟಿನ್ ಲೂಥರ್ ಕಿಂಗ್ ಜೊತೆ ಸೇರಿ ಎಸ್‌ಸಿಎಲ್‌ಸಿ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಕಟ್ಟಿದೋರು. ಪ್ರಾಸ ಹಾಕಿ ಮಾತಾಡೋದು ಅವರ ಅಭ್ಯಾಸ. ಅಲ್ಲೇ ಹಿಂದೆ ಬುಷ್ ಕೂತಿದಾರೆ, ಇರಾಕ್ ಯುದ್ಧ ನಡೀತಿದೆ, ಈ ಮನುಷ್ಯ ನಗ್‌ನಗ್ತಾ ಹೇಳ್ತಾರೆ, ಅಲ್ಲಿ ಸಮೂಹನಾಶದ ಅಸ್ತ್ರ ಏನೂ ಸಿಗಲಿಲ್ಲ ಅಂತ ಈಗ ಎಲ್ರಿಗೂ ಗೊತ್ತಾಯ್ತು, ಆದ್ರೆ ದಾರಿ ತಪ್ಪಿಸೋ ಅಸ್ತ್ರಗಳು ಇಲ್ಲೇ ನಮ್ಮೂರಲ್ಲೇ ಇವೆ ಅನ್ನೋದು ಕೊರೆಟ್ಟಾಗೆ ಗೊತ್ತಿತ್ತು, ಯುದ್ಧಕ್ಕಾದ್ರೆ ಕೋಟಿಗಟ್ಲೆ ದುಡ್ಡಿದೆ ಬಡವರಿಗೆ ಅಂದ್ರೆ ಇಲ್ಲ, ಅಂತ. ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ, ನಿಲ್ಲೋದೇ ಇಲ್ಲ. ಬುಷ್ ಮುಖ ನೋಡ್ಬೇಕಿತ್ತು, ಪಾಪ, ಮಾತು ಮುಗಿದ್ಮೇಲೆ ಎದ್ದು ಕೈ ಕುಲುಕಿದ್ರು ಅನ್ನಿ.

ಆಮೇಲೆ ಕಾರ್ಟರ್. ಕಿಂಗ್ ದಂಪತಿ ಫೋನನ್ನ ಸರ್ಕಾರನೇ ಕದ್ದು ಕೇಳ್ತಿತ್ತು ಅಂತ ನೆನಪಿಸಿದ್ರು. ವಾರಂಟ್ ಇಲ್ದೆ ಫೋನ್ ಕದ್ದು ಕೇಳೋ ವಿಷಯದಲ್ಲಿ ಬುಷ್ ಸರ್ಕಾರ ಆಗಷ್ಟೇ ಸಿಕ್ಕಿಹಾಕ್ಕೊಂಡಿತ್ತು, ಅದು ಹಾಲ್‌ನಲ್ಲಿದ್ದ ಎಲ್ರಿಗೂ ಗೊತ್ತು. ಅಷ್ಟಕ್ಕೆ ಬಿಡದೆ ಕತ್ರಿನಾ ಚಂಡಮಾರುತದಲ್ಲಿ ನೀರಲ್ಲಿ ಸಿಕ್ಕಾಕ್ಕೊಂಡೋರ ಮುಖದ ಬಣ್ಣ ನೋಡಿದ್ರೇ ಸಮಾನತೆ ಎಲ್ಲಿದೆ ಗೊತ್ತಾಗುತ್ತೆ ಅಂದ್ರು.

ಮಾರನೇ ದಿನ ಟೀವಿಲಿ ಶುರು. ಛೇ ಛೇ, ಸಾವಿನ ಮನೆಲಿ ರಾಜಕೀಯನಾ, ಆ ಹೆಣ್ಣುಮಗಳಿಗೆ ಅವಮಾನ ಆಯ್ತಲ್ಲ! ನಾನು ಹೇಳೋದು ಇಷ್ಟೇ, ಆ ಆರು ಗಂಟೆಲಿ ಕೊರೆಟ್ಟಾಗೆ ನಿಜವಾದ ಗೌರವ ಕೊಟ್ಟಿದ್ದು ಆ ಕೆಲವು ನಿಮಿಷ. ಯಾಕಂದ್ರೆ ಅವರು ತಮ್ಮ ಜೀವನದ ಅತಿ ದೊಡ್ಡ ದುಃಖದಲ್ಲಿ ಮಾಡಿದ್ದೂ ಇದನ್ನೇ, ಅಲ್ಲಿಗೆ ಬರ್ತೀನಿ.

ಅದಕ್ಕೆ ಮುಂಚೆ ಇನ್ನೊಂದು ಶವಯಾತ್ರೆ ಹೇಳ್ಬೇಕು. 1968ರ ಏಪ್ರಿಲ್ 9, ಮಾರ್ಟಿನ್ ಲೂಥರ್ ಕಿಂಗ್ ಅವರದ್ದು. ಹೇಸರಗತ್ತೆ ಎಳೆಯೋ ಹಳ್ಳಿ ಗಾಡೀಲಿ ಹೆಣ ಇಟ್ಟು ಅಟ್ಲಾಂಟಾ ರಸ್ತೆಲಿ ಕರ್ಕೊಂಡು ಹೋದ್ರು. ಜಾರ್ಜಿಯಾದ ಗವರ್ನರ್ ಆಗ ಲೆಸ್ಟರ್ ಮ್ಯಾಡಕ್ಸ್. ಈತ ಮೊದಲು ಹೋಟೆಲ್ ಇಟ್ಕೊಂಡಿದ್ದ, ಕರಿಯರು ಊಟಕ್ಕೆ ಬಂದ್ರೆ ಕೊಡಲಿ ಕಾವು ತೋರಿಸಿ ಓಡಿಸಿ ಅದ್ರಿಂದಲೇ ಫೇಮಸ್ ಆಗಿ ಎಲೆಕ್ಷನ್ ಗೆದ್ದೋನು, ಇಂಥ ಕ್ವಾಲಿಫಿಕೇಶನ್ ಮೇಲೆ ಗೆಲ್ಲೋರು ಎಲ್ಲಾ ಕಡೆ ಇರ್ತಾರೆ ಬಿಡಿ. ಕಿಂಗ್‌ಗೆ ಸರ್ಕಾರಿ ಗೌರವ ಕೊಡಲ್ಲ ಅಂದ, ರಾಜ್ಯದ ಕ್ಯಾಪಿಟಲ್ ಕಟ್ಟಡ, ನಮ್ಮ ವಿಧಾನಸೌಧ ಇದ್ದಂಗೆ, ಅದರ ಸುತ್ತ ಪೊಲೀಸ್ ನಿಲ್ಸಿದ, ಬಾವುಟ ಅರ್ಧಕ್ಕಿಳಿಸಿದ್ದಕ್ಕೂ ಅವನಿಗೆ ಸಿಟ್ಟು. ಅದೇ ಕಟ್ಟಡಕ್ಕೆ 2006ರ ಫೆಬ್ರವರಿ 4ರಂದು ಕೊರೆಟ್ಟಾ ಪಾರ್ಥಿವ ಶರೀರನ ಕುದುರೆ ಸಾರೋಟಲ್ಲಿ ತಂದ್ರು, ಗವರ್ನರ್ ಬಾಗಿಲಲ್ಲಿ ನಿಂತು ಬರಮಾಡ್ಕೊಂಡ್ರು. ಅಲ್ಲಿನ ರೊಟುಂಡಾದಲ್ಲಿ, ಅಂದ್ರೆ ಗುಮ್ಮಟದ ಕೆಳಗಿನ ಹಜಾರದಲ್ಲಿ, ಗೌರವಕ್ಕೆ ಇಟ್ಟ ಮೊದಲ ಹೆಂಗಸು ಅವರು, ಮೊದಲ ಕಪ್ಪು ವ್ಯಕ್ತಿನೂ ಅವರೇ. ಚಳಿ ಮಳೆಲಿ ಜನ ಗಂಟೆಗಟ್ಲೆ ಕ್ಯೂ ನಿಂತಿದ್ರು.

38 ವರ್ಷದಲ್ಲಿ ಎಷ್ಟು ಬದಲಾಯ್ತು ಅಂತ ಖುಷಿಪಡೋದು ಸುಲಭ, ಖುಷಿಪಡೋಣ, ಬೇಡ ಅನ್ನಲ್ಲ. ಆದ್ರೆ ಪೇಪರ್‌ಗಳು ಬರೆದಿದ್ದೇನು? ಕಿಂಗ್ ಅವರ ವಿಧವೆ ನಿಧನ. ಪತಿಯ ಕನಸನ್ನ ಜೋಪಾನ ಮಾಡಿದಾಕೆ. ನಂಗೆ ಇದು ಒಪ್ಪಿಗೆ ಇಲ್ಲ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ಆ ಸಭೆಲಿ ಕ್ಲಿಂಟನ್ ಕೂಡ ಪೆಟ್ಟಿಗೆ ಕಡೆ ಕೈ ತೋರಿಸಿ, ಮರೀಬೇಡಿ, ಇದರೊಳಗೆ ಒಬ್ಬ ಹೆಂಗಸಿದಾಳೆ, ಸಿಟ್ಟು ನೋವು ಆಸೆ ನಿರಾಶೆ ಎಲ್ಲಾ ಇದ್ದ ಮನುಷ್ಯಳು, ಬರೀ ಪ್ರತಿಮೆ ಅಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ಆ ಮನುಷ್ಯನ ಬಗ್ಗೆ ಏನೇ ಹೇಳಿ, ಅದು ಒಳ್ಳೆ ಮಾತು.

ಆ ಹೆಂಗಸು ಯಾರು ಹಾಗಾದ್ರೆ? ಅಲಬಾಮಾದ ಪೆರ್ರಿ ಕೌಂಟಿ, ಮೇರಿಯನ್ ಊರಿನ ಹತ್ರ 1927ರ ಏಪ್ರಿಲ್ 27ಕ್ಕೆ ಹುಟ್ಟಿದೋರು. ಪೆರ್ರಿ ಕೌಂಟಿ, ಈ ಹೆಸರು ನೆನಪಿಟ್ಕೊಳಿ, ಕೊನೆಲಿ ಬೇಕಾಗುತ್ತೆ. ಚಿಕ್ಕೋರಿದ್ದಾಗ ಹತ್ತಿ ಬಿಡಿಸಿದಾರೆ. ಬಿಳಿ ಮಕ್ಕಳು ಬಸ್ಸಲ್ಲಿ ಧೂಳೆಬ್ಬಿಸ್ಕೊಂಡು ಹೋಗ್ತಿದ್ರೆ ಇವರು ನಡ್ಕೊಂಡು ಸ್ಕೂಲಿಗೆ. ಅಪ್ಪ ಒಬಡಯ್ಯ ಸ್ಕಾಟ್ ಸ್ವಂತ ದುಡಿಮೆಲಿ ಸ್ವಲ್ಪ ಮೇಲೆ ಬಂದ್ರು, 1942ರಲ್ಲಿ ಮನೆ ಸುಟ್ಟೋಯ್ತು, ಆಮೇಲೆ ಮರ ಕೊಯ್ಯೋ ಮಿಲ್ಲೂ ಸುಟ್ಟೋಯ್ತು. ಕೊರೆಟ್ಟಾ ಓಹಿಯೋದ ಆಂಟಿಯಾಕ್ ಕಾಲೇಜಿಗೆ ಹೋದ್ರು, ಅಲ್ಲಿ ಕಪ್ಪಾಗಿದಾರೆ ಅಂತ ಊರಿನ ಸ್ಕೂಲಲ್ಲಿ ಪಾಠ ಮಾಡೋ ತರಬೇತಿಗೆ ಅವಕಾಶ ಕೊಡ್ಲಿಲ್ಲ, ಇವರು ಸುಮ್ನಿರದೆ ಕಾಲೇಜ್ ಆಡಳಿತದ ಮುಂದೆ ದೂರು ಹಿಡ್ಕೊಂಡು ನಿಂತ್ರು, ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿನ ಸಂಘಟನೆ ಸೇರಿದ್ರು, ಶಾಂತಿ ಚಳವಳಿಗೆ ಬಂದ್ರು. ಆಮೇಲೆ ಸಂಗೀತ ಕಲಿಯೋಕೆ ಬಾಸ್ಟನ್. ಕಿಂಗ್ ಸಿಕ್ಕಿದ್ದು 1952ರಲ್ಲಿ. ಅಂದ್ರೆ ಗಂಡ ಬಂದು ಹೋರಾಟ ಹೇಳ್ಕೊಟ್ಟ ಅನ್ನೋ ಕಥೆ ಲೆಕ್ಕಕ್ಕೇ ಕೂಡಲ್ಲ.

ಮದುವೆ ವಿಷಯ ಹೇಳ್ಲೇಬೇಕು, ನಂಗೆ ಬಹಳ ಇಷ್ಟ. 1953ರ ಜೂನ್ 18, ಹುಡುಗಿ ಮನೆ ಅಂಗಳದಲ್ಲಿ ಮದುವೆ. ಮಾಡ್ಸೋಕೆ ಬಂದಿದ್ದು ಹುಡುಗನ ಅಪ್ಪನೇ, ದೊಡ್ಡ ಪಾದ್ರಿ, ಎಲ್ರೂ ಹೆದರೋ ಮನುಷ್ಯ. ಗಂಡನಿಗೆ ವಿಧೇಯಳಾಗಿರ್ತೀನಿ ಅಂತ ಹೆಣ್ಣು ಪ್ರಮಾಣ ಮಾಡೋ ಸಾಲನ್ನ ತೆಗೀರಿ ಅಂದ್ರು ಈ ಹುಡುಗಿ. ಮಾವನಿಗೆ! ಮದುವೆ ದಿನ! ಆ ಸಾಲು ತೆಗೆದ್ರು. ಇನ್ನು ಮೊದಲ ರಾತ್ರಿ, ಆ ಕಡೆ ಕಪ್ಪು ಜನಕ್ಕೆ ರೂಮ್ ಕೊಡೋ ಹೋಟೆಲ್ ಇಲ್ಲ, ಹಾಗಾಗಿ ಪರಿಚಯದ ಒಬ್ರು ಶವಸಂಸ್ಕಾರದ ಅಂಗಡಿ ನಡೆಸ್ತಿದ್ರಂತೆ, ಅಲ್ಲೇ ಕಳೆದ್ರು. ಆಮೇಲೆ ಇಬ್ರೂ ಅದನ್ನ ಜೋಕ್ ಮಾಡ್ಕೊಂಡು ನಗ್ತಿದ್ರು. ಸಾವಿನ ಪಕ್ಕದಲ್ಲೇ ಸಂಸಾರ ಹೂಡಿದೋರು ನೋಡಿ, ಆ ನಗು ನಂಗೆ ಯಾಕೋ ಅರ್ಥ ಆಗುತ್ತೆ.

1956ರ ಜನವರಿ 30ರ ರಾತ್ರಿ, ಅಲಬಾಮಾದ ಮಾಂಟ್ಗಮರಿಲಿ ಬಸ್ಸಲ್ಲಿ ಕಪ್ಪು ಜನಕ್ಕೆ ಮಾಡೋ ತಾರತಮ್ಯದ ವಿರುದ್ಧ ಬಸ್ ಬಹಿಷ್ಕಾರ ನಡೀತಿದೆ, ಗಂಡ ಸಭೆಗೆ ಹೋಗಿದಾರೆ, ಮನೇಲಿ ಇವರು, ಚರ್ಚಿನ ಒಬ್ಬ ಹೆಂಗಸು, ಎರಡು ತಿಂಗಳು ದಾಟಿದ ಕೂಸು ಯೊಲಾಂಡಾ. ಜಗಲಿ ಮೇಲೆ ಏನೋ ದೊಪ್ಪಂತ ಬಿದ್ದ ಸದ್ದು. ಏನು ಅಂತ ನೋಡೋಕೆ ಮುಂದೆ ಹೋಗ್ಲಿಲ್ಲ, ಆ ಹೆಂಗಸನ್ನ ಕರ್ಕೊಂಡು ಹಿಂದಿನ ರೂಮಿಗೆ ಓಡಿದ್ರು, ಅದಕ್ಕೇ ಉಳ್ಕೊಂಡ್ರು. ಸುದ್ದಿ ಕೇಳಿ ಎರಡೂ ಕಡೆ ಅಪ್ಪಂದಿರು ಬಂದ್ರು, ಸಾಕಮ್ಮ, ಮಗು ಕರ್ಕೊಂಡು ನಡಿ ಅಂದ್ರು. ಇವರು ಹೋಗಲ್ಲ ಅಂದ್ರು. ಬೆಳಗ್ಗೆ ಕಿಂಗ್ ಹೆಂಡತಿಗೆ ಹೇಳಿದ್ರಂತೆ, ನನ್ನ ಜೊತೆ ನಿಂತಿದ್ದು ನೀನೊಬ್ಬಳೇ ಅಂತ. ಅವತ್ತು ಅವರು ಅಪ್ಪನ ಜೊತೆ ಹೊರಟಿದ್ರೆ ಆ ಚಳವಳಿ ಏನಾಗ್ತಿತ್ತೋ, ಬಸ್ ಬಹಿಷ್ಕಾರಕ್ಕೆ ಆಗಿನ್ನೂ ಎರಡೇ ತಿಂಗಳು.

ನಮ್ಮ ದೇಶಕ್ಕೂ ಬಂದಿದ್ರು, 1959ರ ಫೆಬ್ರವರಿಲಿ ಗಂಡನ ಜೊತೆ, ಸುಮಾರು ಒಂದು ತಿಂಗಳು. ಗಾಂಧಿ ನಾಡು ನೋಡೋಕೆ. ಕಿಂಗ್ ಆಮೇಲೆ ಬರೆದ್ರು, ಇಂಡಿಯಾದ ಜನಕ್ಕೆ ನಮ್ಮ ಭಕ್ತಿಗೀತೆ ಅಂದ್ರೆ ಇಷ್ಟ, ನಾನು ಎಷ್ಟು ಭಾಷಣ ಮಾಡಿದ್ನೋ ಕೊರೆಟ್ಟಾ ಅಷ್ಟೇ ಹಾಡಬೇಕಾಯ್ತು ಅಂತ. ನಾವೇನು ಮಾಡ್ತೀವಿ, ಭಾಷಣ ಅಚ್ಚು ಹಾಕಿ ಇಟ್ಕೊಂಡ್ವಿ, ಹಾಡು ಹೋಯ್ತು. ಅದೇ ಗಂಟಲಲ್ಲಿ 1964ರಿಂದ ಫ್ರೀಡಂ ಕನ್ಸರ್ಟ್ ಅಂತ ಊರೂರಲ್ಲಿ ಹಾಡಿ ಕಥೆ ಹೇಳಿ ಚಳವಳಿಗೆ ದುಡ್ಡು ಎತ್ತಿದ್ರು, ಅದೂ ಹೋರಾಟನೇ ಸ್ವಾಮಿ. ಮತ್ತೆ 1969ರ ಜನವರಿಲಿ ಒಬ್ಬರೇ ದೆಹಲಿಗೆ ಬಂದ್ರು, ಗಂಡನಿಗೆ ಮರಣೋತ್ತರ ಕೊಟ್ಟ ನೆಹರೂ ಪ್ರಶಸ್ತಿ ತಗೊಳೋಕೆ.

ವಿಯೆಟ್ನಾಂ ಯುದ್ಧದ ವಿರುದ್ಧ ಇವರು ವೇದಿಕೆ ಹತ್ತಿದ್ದು 1965ರಲ್ಲೇ, ಗಂಡ ಇನ್ನೂ ಹಿಂದೆಮುಂದೆ ನೋಡ್ತಿದ್ದಾಗ. ವರದಿಗಾರ ಒಬ್ಬ ಕಿಂಗ್‌ನ ಕೇಳ್ದ, ನಿಮ್ಮ ಹೆಂಡತಿಗೆ ಇದನ್ನೆಲ್ಲಾ ಹೇಳ್ಕೊಟ್ಟಿದ್ದು ನೀವೇನಾ? ಅವಳೇ ನಂಗೆ ಹೇಳ್ಕೊಟ್ಟಳು ಅಂದ್ರು ಕಿಂಗ್. ನೋಡಿ, ಸ್ವತಃ ಗಂಡನೇ ಒಪ್ಕೊಂಡಿದ್ದನ್ನ ಪೇಪರ್‌ನೋರು ಇವತ್ತಿಗೂ ಒಪ್ಪಲ್ಲ!

ಈಗ ಆಗ್ಲೇ ಹೇಳ್ತೀನಿ ಅಂದ ಜಾಗಕ್ಕೆ ಬಂದೆ. ಏಪ್ರಿಲ್ 4, 1968 ಮೆಂಫಿಸ್, ಕಿಂಗ್ ಕೊಲೆ. ಅವರು ಅಲ್ಲಿಗೆ ಹೋಗಿದ್ದು ಪೌರಕಾರ್ಮಿಕರ ಮುಷ್ಕರಕ್ಕೆ. ಇನ್ನೂ ಸಂಸ್ಕಾರ ಆಗಿಲ್ಲ, ಮಾರನೇ ದಿನ ಶವಯಾತ್ರೆ ಇದೆ, ಏಪ್ರಿಲ್ 8ಕ್ಕೆ ಕೊರೆಟ್ಟಾ ಮೂರು ಮಕ್ಕಳನ್ನ ಕರ್ಕೊಂಡು ಮೆಂಫಿಸ್‌ಗೆ ಹೋಗಿ ಗಂಡ ಮುಂದೆ ನಿಂತು ನಡೆಸಬೇಕಿದ್ದ ಮೆರವಣಿಗೆನ ತಾವೇ ಮುಂದೆ ನಿಂತು ನಡೆಸಿದ್ರು. ಕಸ ಎತ್ತೋರ ಕೂಲಿಗಾಗಿ. ನಮ್ಮಲ್ಲಿ ಆಗಿದ್ರೆ ಹನ್ನೊಂದು ದಿನ ಮೂಲೆಲಿ ಕೂರಿಸ್ತಿದ್ವಿ. ಏಪ್ರಿಲ್ 27ಕ್ಕೆ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕಲ್ಲಿ ಯುದ್ಧವಿರೋಧಿ ಸಭೆ, ಗಂಡನ ಜೇಬಲ್ಲಿ ಸಿಕ್ಕ ಚೀಟಿಗಳಲ್ಲಿದ್ದ ಟಿಪ್ಪಣಿ ಓದಿದ್ರು. ಅವತ್ತು ಅವರ 41ನೇ ಹುಟ್ಟುಹಬ್ಬ. ಜೂನ್ 19ಕ್ಕೆ ವಾಷಿಂಗ್ಟನ್‌ನಲ್ಲಿ ಬಡವರ ಚಳವಳಿಲಿ ನಿಂತು, ಮಗುನ ಹಸಿವಲ್ಲಿ ಇಡೋದೂ ಹಿಂಸೆ, ಕೊಳೆಗೇರಿ ಮನೆನೂ ಹಿಂಸೆ, ಕಾಯಿಲೆ ನೋಡದೆ ಬಿಡೋದೂ ಹಿಂಸೆ ಅಂತ ಪಟ್ಟಿ ಕೊಟ್ರು. ಸಾವಿನ ಮನೆಲಿ ರಾಜಕೀಯ ಬೇಡ ಅನ್ನೋರು ಇದನ್ನ ಎಲ್ಲಿ ಇಡ್ತಾರೆ? ಲೋವರಿ ಮಾಡಿದ್ದು ಕೊರೆಟ್ಟಾ ಹಾಕ್ಕೊಟ್ಟ ದಾರೀಲಿ ನಡೆದಿದ್ದು, ಅಷ್ಟೇ.

ಚೀಟಿ ಬಂತು, ಇನ್ನು ಐದು ನಿಮಿಷ ಅಂತೆ. ಸರಿ. ಹಾಗಾದ್ರೆ 1969ರ ಚಾರ್ಲ್ಸ್‌ಟನ್ ಆಸ್ಪತ್ರೆ ಮುಷ್ಕರ, ನೂರಾರು ಕಪ್ಪು ಹೆಣ್ಣುಮಕ್ಕಳು ಕೂಲಿಗಾಗಿ ಬೀದಿಗಿಳಿದಿದ್ದು, ಇವರು ಅವರ ಜೊತೆ ನಡೆದಿದ್ದು, ಅದು ದೊಡ್ಡ ಕಥೆ, ಇವತ್ತು ಆಗಲ್ಲ. ಎಲ್ರಿಗೂ ಕೆಲಸ ಕೊಡಿ ಅನ್ನೋ ಹೋರಾಟ, 1985ರಲ್ಲಿ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಮುಂದೆ ಮಕ್ಕಳ ಸಮೇತ ಅರೆಸ್ಟ್ ಆಗಿದ್ದು, ಸಲಿಂಗಿಗಳ ಹಕ್ಕಿನ ಪರ ನಿಂತಿದ್ದು, ಎಲ್ಲಾ ಬಿಡ್ತೀನಿ. ಕಿಂಗ್ ಜಯಂತಿ ರಜೆ ಒಂದೇ ಮಾತು: 1979ರಲ್ಲಿ ಅಮೆರಿಕದ ಸಂಸತ್ತಲ್ಲಿ ಮಸೂದೆ ಐದೇ ವೋಟಲ್ಲಿ ಬಿದ್ದೋಯ್ತು, 60 ಲಕ್ಷ ಸಹಿ ಸಂಗ್ರಹ ಆಯ್ತು, ಸ್ಟೀವಿ ವಂಡರ್ ಹಾಡು ಕಟ್ಟಿದ್ರು, 1983ರಲ್ಲಿ ಅಧ್ಯಕ್ಷ ರೇಗನ್ ಕೈಲೇ ಸಹಿ ಹಾಕ್ಸಿದ್ರು. ಆಮೇಲೆ ಏನಂದ್ರು ಗೊತ್ತಾ, ರಜೆ ಅಂತ ಮಲಗಬೇಡಿ, ಸೇವೆ ಮಾಡಿ ಅಂತ. ಜಯಂತಿ ರಜೆ ಶುಕ್ರವಾರ ಬಂದ್ರೆ ಕೂರ್ಗ್‌ಗೆ ಹೋಗೋ ನಮಗೆ ಇದು ಕಷ್ಟ.

ಕೊನೇದು, ಪೆರ್ರಿ ಕೌಂಟಿ. 1985ರಲ್ಲಿ ಅಲ್ಲಿ ಕಪ್ಪು ಮತದಾರರನ್ನ ಸಂಘಟಿಸ್ತಿದ್ದ ಮೂರು ಜನರ ಮೇಲೆ ವೋಟ್ ಫ್ರಾಡ್ ಅಂತ ಕೇಸ್ ಹಾಕಿದ್ರು, ಒಬ್ರು ಆಲ್ಬರ್ಟ್ ಟರ್ನರ್, 1968ರಲ್ಲಿ ಕಿಂಗ್ ಹೆಣ ಇದ್ದ ಹೇಸರಗತ್ತೆ ಗಾಡಿ ಮುನ್ನಡೆಸಿದೋರು ಅವರೇ. ಜ್ಯೂರಿ ಮೂವರನ್ನೂ ಬಿಟ್ಬಿಡ್ತು. ಕೇಸ್ ಹಾಕಿದ ಸರ್ಕಾರಿ ವಕೀಲ ಜೆಫ್ ಸೆಷನ್ಸ್‌ನ 1986ರಲ್ಲಿ ಫೆಡರಲ್ ಜಡ್ಜ್ ಮಾಡೋಕೆ ಹೊರಟಾಗ ಕೊರೆಟ್ಟಾ ಸೆನೆಟ್‌ಗೆ ಉದ್ದದ ಪತ್ರ ಬರೆದ್ರು, ವಯಸ್ಸಾದ ಕಪ್ಪು ಮತದಾರರನ್ನ ಹೆದರ್ಸೋಕೆ ಈ ಮನುಷ್ಯ ಅಧಿಕಾರ ಬಳಸಿದಾನೆ ಅಂತ. ಜಡ್ಜ್ ಆಗ್ಲಿಲ್ಲ. 2017ರಲ್ಲಿ ಟ್ರಂಪ್ ಇದೇ ಸೆಷನ್ಸ್ ಅವರನ್ನ ಅಟಾರ್ನಿ ಜನರಲ್, ಅಂದ್ರೆ ದೇಶದ ಕಾನೂನು ಇಲಾಖೆ ಮುಖ್ಯಸ್ಥ, ಮಾಡೋಕೆ ಹೊರಟ್ರು, ಸೆನೆಟರ್ ಎಲಿಜಬೆತ್ ವಾರೆನ್ ಸೆನೆಟ್‌ನಲ್ಲಿ ಆ ಪತ್ರ ಓದೋಕೆ ಶುರು ಮಾಡಿದ್ರು, ಆಗ ಸೆನೆಟ್ ಸದಸ್ಯರೇ ಆಗಿದ್ದ ಸೆಷನ್ಸ್‌ಗೆ ಅವಮಾನ ಅಂತ ನಿಯಮ ತೋರಿಸಿ ಅವರನ್ನ ಕೂರಿಸಿದ್ರು. ಆಮೇಲೆ ಗಂಡಸು ಸೆನೆಟರ್‌ಗಳು ಅದೇ ಪತ್ರ ಓದಿದ್ರು, ಯಾರೂ ತಡೀಲಿಲ್ಲ. ತಾರೀಖು ಫೆಬ್ರವರಿ 7, ಅವರ ಅಂತ್ಯಸಂಸ್ಕಾರ ಆಗಿ ಸರಿಯಾಗಿ 11 ವರ್ಷ, ಜ್ಯೋತಿಷ್ಯ ಬೇಡ ಅಂದಿದ್ದೀನಿ. ಬದುಕಿದ್ದಾಗ ಬರೆದ ಪತ್ರಕ್ಕೆ ಸತ್ತ್ಮೇಲೂ ಅಷ್ಟು ಹೆದರ್ತಾರೆ ಅಂದ್ರೆ, ಸೌಮ್ಯ ವಿಧವೆ ಅಂತ ಬರೆದೋರು ಆ ಪತ್ರನ ಒಂದ್ಸಲ ಓದ್ಲಿ, ಇಂಟರ್ನೆಟ್ಟಲ್ಲಿ ಪೂರ್ತಿ ಸಿಗುತ್ತೆ. ಅಧ್ಯಕ್ಷರು ವಾಚ್ ನೋಡ್ತಿದಾರೆ, ಪ್ರಶ್ನೆ ಇರೋರು ಕೇಳಿ, ಹಿಂದಿನ ಸಾಲಲ್ಲಿ ಆಗ್ಲಿಂದ ಕೈ ಎತ್ತಿರೋ ಹುಡುಗಿಗೆ ಮೊದಲು ಮೈಕ್ ಕೊಡಿ.