ಮೂಲೆಯಲ್ಲಿ ಕಟ್ಟರ್ ಯಾಕೆ ಕಿರುಚುತ್ತದೆ? ಒಂದು ಬೇರಿಂಗ್ ಹೌಸಿಂಗ್‌ನ ಟೂಲ್‌ಪಾತ್

ನಮಸ್ಕಾರ. ಇವತ್ತು ಪೀಣ್ಯದ ಒಂದು ಚಿಕ್ಕ ಜಾಬ್ ಶಾಪ್‌ನಲ್ಲಿದ್ದೇನೆ. ಹಿಂದೆ ಕೇಳುತ್ತಿರುವುದು ವಿಎಂಸಿ, ಅಂದರೆ ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಮಿಲ್ಲಿಂಗ್ ಮೆಷಿನ್‌ನ ಸದ್ದು. ಎಡಿಟಿಂಗ್‌ನಲ್ಲಿ ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಟೂಲ್‌ಪಾತ್, ಅಂದರೆ ಕಟ್ಟರ್ ಓಡುವ ದಾರಿ, ಸರಿ ಇದೆಯಾ ಇಲ್ಲವಾ ಅನ್ನುವುದು ಮೊದಲು ಗೊತ್ತಾಗುವುದು ಕಿವಿಗೆ.

ಪರದೆ ಮೇಲಿರುವುದು ಇವತ್ತಿನ ಜಾಬ್. 6203 ಬೇರಿಂಗ್ ಕೂರುವ ಹೌಸಿಂಗ್. ಮೆಟೀರಿಯಲ್ 6061 ಅಲ್ಯೂಮಿನಿಯಂ. ಉದ್ದ 100, ಅಗಲ 80, ದಪ್ಪ 30 ಮಿಮೀ. ಮೇಲೆ 15 ಮಿಮೀ ಆಳದ ಪಾಕೆಟ್, ಅಂದರೆ ಗುಳಿ, ಅದರ ಮೂಲೆಗಳಿಗೆ 6 ಮಿಮೀ ರೇಡಿಯಸ್. ಪಾಕೆಟ್ ತಳದಲ್ಲಿ ಬೇರಿಂಗ್‌ಗೆ 12 ಮಿಮೀ ಆಳದ ಬೋರ್, ಅಂದರೆ ದುಂಡು ರಂಧ್ರ. ಡ್ರಾಯಿಂಗ್‌ನಲ್ಲಿ 40 ಎಚ್7 ಅಂತಿದೆ. ಅಂದರೆ ಬೋರ್ 40.000ಕ್ಕೂ 40.025ಕ್ಕೂ ನಡುವೆ ಬರಬೇಕು. ಇಪ್ಪತ್ತೈದು ಮೈಕ್ರಾನ್, ಅಷ್ಟೇ ಜಾಗ.

ಮಾಡೆಲ್ ಓಪನ್ ಮಾಡಿದ ತಕ್ಷಣ ಟೂಲ್‌ಪಾತ್ ಹಾಕಲು ಕೈ ತುರಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ. ಮೊದಲು ಜಾಬ್ ಹಿಡಿಯುವುದು ಹೇಗೆ ಅಂತ ತೀರ್ಮಾನವಾಗಲಿ. ನಾನು 40 ಮಿಮೀ ದಪ್ಪದ ತುಂಡು ತೆಗೆದುಕೊಂಡಿದ್ದೇನೆ. ಮೇಲೆ 1 ಮಿಮೀ ಫೇಸಿಂಗ್‌ಗೆ, ಅಂದರೆ ಮೇಲ್ಮೈ ಸಮ ಮಾಡಲು, ಕೆಳಗೆ 9 ಮಿಮೀ ಹಿಡಿತಕ್ಕೆ. ಅದರಲ್ಲಿ 7 ಮಿಮೀ ವೈಸ್‌ನ ದವಡೆಯೊಳಗೆ. ಉಳಿದ 2 ಮಿಮೀ ಯಾಕೆ ಅಂದರೆ, ಹೊರಗಿನ ಸೈಡ್ ಕಟ್ ಮಾಡುತ್ತಾ ಟೂಲ್ ಕೆಳಗೆ ಬಂದಾಗ ದವಡೆಗೆ ತಾಗಬಾರದು. ಹೀಗೆ ಹಿಡಿದರೆ ಸೈಡ್, ಪಾಕೆಟ್, ಬೋರ್ ಎಲ್ಲವೂ ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಯುತ್ತವೆ. ಬೋರ್ ಸೆಂಟರ್ ಸೈಡ್‌ಗೆ ಹೋಲಿಸಿದರೆ ಆಚೀಚೆ ಆಗುವುದಿಲ್ಲ. ಕೊನೆಗೆ ಜಾಬ್ ತಿರುಗಿಸಿ ಆ 9 ಮಿಮೀ ಫೇಸ್ ಮಾಡಿ ತೆಗೆದರೆ ಸಾಕು.

ಸಾಫ್ಟ್‌ವೇರ್ ಒಳಗೂ ವೈಸ್‌ನ ಮಾಡೆಲ್ ಇಡಿ. ಇಡದಿದ್ದರೆ ಸಿಮ್ಯುಲೇಷನ್‌ಗೆ ಅಲ್ಲಿ ವೈಸ್ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಟೂಲ್ ಹೋಲ್ಡರ್‌ನಿಂದ ಎಷ್ಟು ಹೊರಗಿದೆ ಅನ್ನುವುದನ್ನೂ ನಿಜ ಅಳತೆಯಲ್ಲೇ ಹಾಕಿ. ಈ ಜಾಬ್‌ಗೆ 35 ಮಿಮೀ ಸಾಕು. ಸುಮ್ನೆ 50 ಬಿಟ್ಟರೆ ಅದೇ ಒತ್ತಡಕ್ಕೆ ಟೂಲ್ ಹತ್ತಿರ ಹತ್ತಿರ 3 ಪಟ್ಟು ಬಾಗುತ್ತದೆ. ಬಾಗುವುದು ಉದ್ದದ ಘನದ ಲೆಕ್ಕದಲ್ಲಿ ಏರುತ್ತದೆ. ಉದ್ದ ಎರಡರಷ್ಟಾದರೆ ಬಾಗು ಎಂಟರಷ್ಟು.

ಈಗ ಪಾಕೆಟ್. ಈ ವಿಡಿಯೋ ಮಾಡಿದ್ದೇ ಇದಕ್ಕೋಸ್ಕರ.

ಟೂಲ್ 10 ಮಿಮೀ ಕಾರ್ಬೈಡ್ ಎಂಡ್ ಮಿಲ್ ಕಟ್ಟರ್, 3 ಫ್ಲೂಟ್, ಅಂದರೆ ಮೂರು ಹಲ್ಲು. ಮೂಲೆ ರೇಡಿಯಸ್ 6, ಟೂಲ್ ರೇಡಿಯಸ್ 5. ಹಾಗಾಗಿ ಮೂಲೆಯಲ್ಲಿ ಟೂಲ್ ನಿಂತು ತಿರುಗುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. 12 ಮಿಮೀ ಟೂಲ್ ಹಾಕಿದರೂ ರೇಡಿಯಸ್ ಬರುತ್ತದೆ, ಆದರೆ ಪ್ರತಿ ಮೂಲೆಯಲ್ಲೂ ಟೂಲ್ ಒಂದು ಕ್ಷಣ ನಿಂತು ಉಜ್ಜುತ್ತದೆ. ಅಲ್ಲಿ ಗೆರೆ ಗೆರೆ ಮಾರ್ಕ್ ಬೀಳುತ್ತದೆ.

ಮೊದಲು ಹಳೇ ರೀತಿಯ ಪಾಕೆಟ್ ಟೂಲ್‌ಪಾತ್ ನೋಡಿ. ಪಾಕೆಟ್ ಆಕಾರವನ್ನೇ ಒಂದರೊಳಗೊಂದು ಚಿಕ್ಕದು ಮಾಡುತ್ತಾ ಹೋಗುವ ಗೆರೆಗಳು. ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯುವ ದೂರ, ಅಂದರೆ ಸ್ಟೆಪ್‌ಓವರ್, 5 ಮಿಮೀ, ಟೂಲ್‌ನ ಅರ್ಧ. ನೇರ ಗೆರೆಯಲ್ಲಿ ಟೂಲ್‌ನ ಸುತ್ತಿನಲ್ಲಿ 90 ಡಿಗ್ರಿ ಲೋಹದೊಳಗೆ ಇರುತ್ತದೆ, ಕಾಲು ಭಾಗ. ಅದೇ ಟೂಲ್ ಒಳಗಿನ ಗೆರೆಗಳ ಚೌಕ ಮೂಲೆಗೆ ಬಂದಾಗ? ಮುಂದೆಯೂ ಲೋಹ, ಪಕ್ಕದಲ್ಲೂ ಲೋಹ. 90 ಇದ್ದದ್ದು 180 ಡಿಗ್ರಿ ಆಗುತ್ತದೆ. ಅರ್ಧ ಟೂಲ್ ಒಳಗೆ. ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗ, ಬದಲಾಗಿಲ್ಲ, ಆರ್‌ಪಿಎಂ ಬದಲಾಗಿಲ್ಲ, ಹೊರೆ ಮಾತ್ರ ಒಮ್ಮೆಗೇ ಏರಿತು. ಕಿರುಚುವುದು ಆಗಲೇ. ಈ ಹೆದರಿಕೆಗೆ ನಾವೇನು ಮಾಡುತ್ತೇವೆ? ಮೂಲೆಗೆ ತಡೆಯುವಷ್ಟು ಫೀಡ್ ಇಳಿಸಿ, ಇಡೀ ಪಾಕೆಟ್ ಅದೇ ಫೀಡ್‌ನಲ್ಲಿ ಓಡಿಸುತ್ತೇವೆ. ಆಳವನ್ನೂ 3 ಮಿಮೀನಂತೆ ಐದು ಸಲ ಮಾಡುತ್ತೇವೆ. ಟೂಲ್‌ನ ತುದಿಯ 3 ಮಿಮೀ ಸವೆದು ಹೋಗುತ್ತದೆ, ಮೇಲಿನ ಫ್ಲೂಟ್ ಹೊಸದಾಗಿಯೇ ಇರುತ್ತದೆ.

ಈಗ ಇದೇ ಪಾಕೆಟ್‌ಗೆ ಅಡಾಪ್ಟಿವ್ ಕ್ಲಿಯರಿಂಗ್. ಫ್ಯೂಷನ್ ಸಾಫ್ಟ್‌ವೇರ್‌ನಲ್ಲಿ ಈ ಹೆಸರು, ಮಾಸ್ಟರ್‌ಕ್ಯಾಮ್ ಸಾಫ್ಟ್‌ವೇರ್‌ನಲ್ಲಿ ಡೈನಾಮಿಕ್ ಮಿಲ್. ಇಲ್ಲಿ ಗೆರೆಗಳು ಪಾಕೆಟ್ ಆಕಾರವನ್ನು ಹಿಂಬಾಲಿಸುವುದಿಲ್ಲ. ಟೂಲ್ ಎಷ್ಟು ಡಿಗ್ರಿ ಲೋಹದೊಳಗೆ ಇರಬೇಕು ಅನ್ನುವುದನ್ನು ಹಿಡಿದಿಟ್ಟುಕೊಂಡು, ಅದಕ್ಕೆ ತಕ್ಕಂತೆ ದಾರಿ ಬಳಸುತ್ತವೆ. ಸ್ಟೆಪ್‌ಓವರ್ 1 ಮಿಮೀ ಕೊಟ್ಟಿದ್ದೇನೆ. ಸುಮಾರು 37 ಡಿಗ್ರಿ ಹಿಡಿತ. ಮೂಲೆ ಬಂದಾಗ ನೋಡಿ, ಸಣ್ಣ ಸಣ್ಣ ಕಮಾನು ಹೊಡೆದು, ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತದೆ. ನುಗ್ಗುವುದೇ ಇಲ್ಲ. ಹೊರೆ ಸಮ ಇರುವುದರಿಂದ ಪೂರ್ತಿ 15 ಮಿಮೀ ಆಳ ಒಂದೇ ಸಲಕ್ಕೆ.

ಇಲ್ಲೊಂದು ಸೂಕ್ಷ್ಮ ಇದೆ, ದಯವಿಟ್ಟು ಗಮನ ಕೊಡಿ. 8000 ಆರ್‌ಪಿಎಂ, 3 ಫ್ಲೂಟ್, ಹಲ್ಲಿಗೆ 0.05 ಮಿಮೀ ಅಂದರೆ ಫೀಡ್ ನಿಮಿಷಕ್ಕೆ 1200 ಮಿಮೀ. ಆದರೆ ಸ್ಟೆಪ್‌ಓವರ್ ಟೂಲ್‌ನ ಹತ್ತನೇ ಒಂದು ಭಾಗ ಆದಾಗ ಚಿಪ್ ಅಷ್ಟು ದಪ್ಪ ಬರುವುದಿಲ್ಲ. ಶೇಕಡಾ 60 ಮಾತ್ರ, ಅಂದರೆ 0.03. ಟೂಲ್ ಕಟ್ ಮಾಡುವ ಬದಲು ಉಜ್ಜಲು ಶುರು ಮಾಡುತ್ತದೆ, ಬಿಸಿ ಏರುತ್ತದೆ. 0.05ರ ಚಿಪ್ ಬೇಕಾದರೆ ಫೀಡ್ ಸುಮಾರು 2000 ಕೊಡಬೇಕು. ಅಡಾಪ್ಟಿವ್ ಹಾಕಿ ಹಳೇ ಫೀಡ್‌ನಲ್ಲೇ ಓಡಿಸಿ, ‘ಇದರಲ್ಲಿ ಏನೂ ಲಾಭ ಇಲ್ಲ’ ಅನ್ನುವವರು ತುಂಬಾ ಜನ. ಪಾಪ, ಲಾಭ ಇದ್ದದ್ದೇ ಈ ಲೆಕ್ಕದಲ್ಲಿ.

ಕಂಪ್ಯೂಟರ್‌ನಲ್ಲಿ ಟೂಲ್‌ಪಾತ್ ಹಾಕುವ ಈ ಕೆಲಸಕ್ಕೆ ಒಂದು ದೊಡ್ಡ ಚರಿತ್ರೆಯೂ ಇದೆ. ಅಮೆರಿಕದ ಎಂಐಟಿಯಲ್ಲಿ ಎಪಿಟಿ ಅನ್ನುವ ಭಾಷೆ ಮಾಡಿದರು. ಜಾಬ್‌ನ ಆಕಾರ ಬರೆದುಕೊಟ್ಟರೆ ಟೂಲ್ ಹೋಗುವ ದಾರಿಯನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. 1959ರಲ್ಲಿ ಪತ್ರಕರ್ತರನ್ನು ಕರೆದು ತೋರಿಸಿದಾಗ, ಆ ರೀತಿ ಮಿಲ್ಲಿಂಗ್ ಮಾಡಿದ ಅಲ್ಯೂಮಿನಿಯಂ ಆ್ಯಶ್‌ಟ್ರೇಗಳನ್ನು ಅವರಿಗೆ ಕೊಟ್ಟಿದ್ದರಂತೆ. ನನಗೆ ಅದನ್ನು ಓದಿದಾಗ ಮೈ ಜುಮ್ ಅಂದಿತ್ತು.

ಸರಿ, ಬೋರ್‌ಗೆ ಬರೋಣ. ರಫಿಂಗ್‌ನಲ್ಲಿ, ಅಂದರೆ ಮೊದಲ ಒರಟು ಕಟ್‌ನಲ್ಲಿ, ಗೋಡೆಗೆ 0.3 ಮಿಮೀ ಬಿಟ್ಟಿದ್ದೇನೆ. ರಫಿಂಗ್ ಮುಗಿದ ಜಾಗದಲ್ಲಿ ಪ್ರೋಗ್ರಾಂಗೆ ಎಂ00 ಅನ್ನುವ ನಿಲ್ಲಿಸುವ ಕೋಡ್ ಹಾಕಿದ್ದೇನೆ. ಮೆಷಿನ್ ನಿಲ್ಲುತ್ತದೆ. ಮೆಷಿನ್ ನಡೆಸುವ ಅಣ್ಣ ಈಗ ವೈಸ್ ಸಡಿಲ ಮಾಡಿ, ಹಗುರಕ್ಕೆ ಮತ್ತೆ ಬಿಗಿಯುತ್ತಿದ್ದಾರೆ ನೋಡಿ. ಜೋರಾಗಿ ಬಿಗಿದ ಹಾಗೇ ಫಿನಿಶ್ ಮಾಡಿದರೆ ವೈಸ್‌ನಲ್ಲಿ ದುಂಡಗಿದ್ದ ಬೋರ್ ಹೊರಗೆ ತೆಗೆದ ಮೇಲೆ ಅಂಡಾಕಾರ ಆಗಬಹುದು. ಜಾಬ್ ತಣ್ಣಗಾಗಲೂ ಸಮಯ ಸಿಗುತ್ತದೆ. 10 ಡಿಗ್ರಿ ಬಿಸಿ ಜಾಸ್ತಿ ಇದ್ದರೆ 40 ಮಿಮೀ ಅಲ್ಯೂಮಿನಿಯಂ ಬೋರ್ 9 ಮೈಕ್ರಾನ್ ದೊಡ್ಡದಾಗಿರುತ್ತದೆ. ನಮಗಿರುವುದೇ 25.

ಫಿನಿಶಿಂಗ್ ಟೂಲ್‌ಪಾತ್‌ನಲ್ಲಿ ಕಾಂಪನ್ಸೇಷನ್ ಅನ್ನುವ ಕಡೆ ‘ವೇರ್’ ಆಯ್ಕೆ ಮಾಡಿ. ಆಗ ಮೆಷಿನ್‌ಗೆ ಅಂತ ಪೋಸ್ಟ್ ಮಾಡಿದ ಪ್ರೋಗ್ರಾಂನಲ್ಲಿ ಜಿ41 ಬರುತ್ತದೆ, ಅಂದರೆ ಟೂಲ್ ದಾರಿಯನ್ನು ಮೆಷಿನ್‌ನಲ್ಲೇ ಸ್ವಲ್ಪ ಪಕ್ಕಕ್ಕೆ ಸರಿಸಲು ಬಿಡುವ ಕೋಡ್. ಸೈಜ್ ಹಿಡಿಯುವ ಅಧಿಕಾರ ಮೆಷಿನ್ ಮುಂದೆ ನಿಂತವರ ಕೈಗೆ ಹೋಗುತ್ತದೆ. ಇದು ಅವರಿಗೆ ಸಲ್ಲಬೇಕಾದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಹತ್ತು ಮೈಕ್ರಾನ್‌ಗೂ ಅವರು ಕಂಪ್ಯೂಟರ್ ಹತ್ತಿರ ಓಡಿ ಬರಬೇಕು.

ಅಣ್ಣ ವೇರ್ ಆಫ್‌ಸೆಟ್‌ನಲ್ಲಿ ಮೊದಲು 0.05 ಹಾಕಿದರು. ಬೋರ್ ಬೇಕಂತಲೇ ಸಣ್ಣದಾಗಿ ಬರುತ್ತದೆ. ಬೋರ್ ಗೇಜ್ 39.892 ತೋರಿಸುತ್ತಿದೆ. ನಮಗೆ ನಡುವಿನ 40.012 ಬೇಕು. ವ್ಯತ್ಯಾಸ 0.120. ಆಫ್‌ಸೆಟ್ ಇರುವುದು ರೇಡಿಯಸ್ ಲೆಕ್ಕದಲ್ಲಿ, ಹಾಗಾಗಿ ಅದರ ಅರ್ಧ 0.060. 0.05 ಇದ್ದದ್ದು ಈಗ ಮೈನಸ್ 0.01. ಅದೇ ಪಾಸ್ ಇನ್ನೊಂದು ಸಲ. ನೂರಾರು ಪೀಸ್ ಇದ್ದರೆ ನಾನು ಎಂಡ್ ಮಿಲ್ ಬಿಟ್ಟು ಬೋರಿಂಗ್ ಬಾರ್ ಹಾಕುತ್ತೇನೆ. ನಾಲ್ಕೈದು ಪೀಸ್‌ಗೆ ಇದೇ ಸಾಕು.

ಕಲಿಯುವವರಿಗೆ ಒಂದು ಮಾತು. ಫ್ಯೂಷನ್‌ನ ಪರ್ಸನಲ್ ಲೈಸೆನ್ಸ್‌ನಲ್ಲಿ ರ್‍ಯಾಪಿಡ್ ಚಲನೆ, ಅಂದರೆ ಕಟ್ ಮಾಡದೆ ವೇಗವಾಗಿ ಸಾಗುವುದು, ಫೀಡ್ ವೇಗದಲ್ಲೇ ಬರುತ್ತದೆ, ಟೂಲ್ ಚೇಂಜ್ ತಾನಾಗಿ ಬರುವುದಿಲ್ಲ. ಕಲಿಯಲು ಅಡ್ಡಿ ಇಲ್ಲ. ಫ್ರೀಕ್ಯಾಡ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ಅದರಲ್ಲೂ ಅಡಾಪ್ಟಿವ್ ಇದೆ. ಡಿಪ್ಲೊಮಾ, ಜಿಟಿಟಿಸಿ ವಿದ್ಯಾರ್ಥಿಗಳು ಇದೇ ಪಾಕೆಟ್‌ಗೆ ಎರಡೂ ಟೂಲ್‌ಪಾತ್ ಹಾಕಿ ಹೋಲಿಸಿ ನೋಡಿ.

ಟೂಲ್ ಲಿಸ್ಟ್, ಫೀಡ್, ಸ್ಪೀಡ್ ಎಲ್ಲ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೇನೆ. ನಿಮ್ಮ ಸ್ಪಿಂಡಲ್ 6000ಕ್ಕಿಂತ ಮೇಲೆ ಹೋಗದಿದ್ದರೆ ಪಾಕೆಟ್ ಫೀಡ್‌ 2000ದಿಂದ 1500ಕ್ಕೆ ಇಳಿಸಿ. ಸ್ಟೆಪ್‌ಓವರ್ ಮಾತ್ರ ಅದೇ 1 ಮಿಮೀ ಇರಲಿ.