ಹೊಟ್ಟೆ ತುಂಬಿತು, ಮೊಲ ಓಡಿತು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರುವವರಿಗೂ ಕೇಳಿಸ್ತಿದೆ ಅಲ್ವಾ? ಸರಿ.

ಮೇಡಂ ಪರಿಚಯ ಮಾಡಿಕೊಡುವಾಗ ನನ್ನನ್ನು ಚೀನೀ ಭಾಷಾ ತಜ್ಞ ಅಂದುಬಿಟ್ಟರು. ಅದನ್ನು ಮೊದಲು ವಾಪಸ್ ಕೊಟ್ಟುಬಿಡುತ್ತೇನೆ. ನಾನು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಯವನು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಚೀನೀ ಭಾಷೆಯನ್ನು ಒಂದು ಸಲ ಕಲಿತೆ, ಅರ್ಧಕ್ಕರ್ಧ ಮರೆತೆ, ಮತ್ತೆ ಕಲಿತೆ. ಈ ಮೂರರಲ್ಲಿ ಮಧ್ಯದ್ದು ಇದೆಯಲ್ಲ, ಮರೆಯುವುದು, ಅದರಲ್ಲಿ ಬೇಕಾದರೆ ನಾನು ತಜ್ಞ. ಇವತ್ತು ಜಾಸ್ತಿ ಅದರ ಬಗ್ಗೆಯೇ ಮಾತಾಡೋಣ. ಕಲಿಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಮರೆಯದ ಹಾಗೆ ಇಟ್ಟುಕೊಳ್ಳುವುದು ಹೇಗೆ ಅಂತ ಹೇಳುವವರು ಕಡಿಮೆ.

ಸುಮಾರು ಹತ್ತು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕಕ್ಕೆ ಚೀನಾದಿಂದ ಆಟೋಮ್ಯಾಟಿಕ್ ಯಂತ್ರ ಬಂತು. 400 ಎಳೆಯದ್ದು. ಜೋಡಿಸಿಕೊಡಲು ಜೆಜಿಯಾಂಗ್ ಪ್ರಾಂತ್ಯದಿಂದ ಇಬ್ಬರು ಮೆಕ್ಯಾನಿಕ್‌ಗಳು ಬಂದರು. ಜೊತೆಗಿದ್ದ ದುಭಾಷಿ ಒಂದು ವಾರ ಇದ್ದು ಬೆಂಗಳೂರಿಗೆ ಹೋದವನು ತಿರುಗಿ ಬರಲಿಲ್ಲ. ಉಳಿದವರು ಅವರಿಬ್ಬರು, ನಾನು, ಮತ್ತೆ ಪೆಟ್ಟಿಗೆಗಳಲ್ಲಿ ತುಂಬಿದ್ದ ಸಾವಿರಾರು ಬಿಡಿಭಾಗ.

ದುಭಾಷಿ ಹೋದ ಮೂರನೇ ದಿನವೋ ಏನೋ, ಮೆಕ್ಯಾನಿಕ್‌ಗಳಲ್ಲಿ ಹಿರಿಯರು ಯಂತ್ರದ ಕೆಳಗೆ ಮಲಗಿಕೊಂಡೇ ಕೈ ಚಾಚಿ "ಸ್" ಅಂದರು. ಅಷ್ಟರಲ್ಲಿ ನಾನು ಒಂದರಿಂದ ಹತ್ತು ಕಲಿತಿದ್ದೆ. ನಾಲ್ಕಕ್ಕೆ "ಸ್", ಹತ್ತಕ್ಕೆ "ಷ್", ಹಿಂದೆ ಅರ್ಧ ಸ್ವರದ ಥರ ಒಂದು ಎಳೆತ ಇರುತ್ತದೆ. ನಾಲ್ಕು ಬೋಲ್ಟ್ ತಂದು ಕೊಟ್ಟೆ. ಅವರು ತಲೆ ಅಲ್ಲಾಡಿಸಿದರು. ಮತ್ತೆ "ಸ್". ನಾಲ್ಕನ್ನೇ ಎಣಿಸಿ ತೋರಿಸಿದೆ. ಆಗ ಅವರು ಹೊರಗೆ ಬಂದು, ಗ್ರೀಸ್ ಮೆತ್ತಿದ್ದ ಎರಡು ತೋರುಬೆರಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ನನ್ನ ಮೂಗಿನ ಮುಂದೆ ಹಿಡಿದರು. ಅಂದರೆ ಹತ್ತು. ಅವರ ಕಡೆ ಷ ಬಾಯಲ್ಲಿ ನಿಲ್ಲುವುದಿಲ್ಲ, ಸ ಆಗಿಬಿಡುತ್ತದೆ ಅಂತ ಆಮೇಲೆ ತಿಳಿಯಿತು. ನಮ್ಮ ಊರಲ್ಲೂ ಶಂಕರ ಸಂಕರ ಆಗುತ್ತಾನೆ ಅಲ್ವಾ, ಹಾಗೆ. ಆವತ್ತಿನಿಂದ ಆ ಮನುಷ್ಯನ ಮೇಲೆ ನನಗೆ ಒಂಥರಾ ಪ್ರೀತಿ.

ಈಗ ಸ್ವರದ ವಿಷಯ, ಅಂದರೆ ದನಿಯನ್ನು ಏರಿಸುವುದು, ಇಳಿಸುವುದು. ಅದು ಬದಲಾದರೆ ಚೀನೀಯಲ್ಲಿ ಪದದ ಅರ್ಥವೇ ಬದಲಾಗುತ್ತದೆ. ಚೀನೀ ಅಂದ ತಕ್ಷಣ ಎಲ್ಲರೂ 'ಮಾ'ದ ಕಥೆ ಹೇಳುತ್ತಾರೆ, ತಾಯಿ, ಸೆಣಬು, ಕುದುರೆ, ಬೈಗುಳ ಅಂತ. ಅದನ್ನು ಬಿಡಿ, ನಮಗೆ ಬೇಕಾದ ಉದಾಹರಣೆ ಬೇರೆ ಇದೆ. "ಸ್" ಅನ್ನುವುದನ್ನು ಮೇಲಿನ ಶ್ರುತಿಯಲ್ಲಿ ಸಮವಾಗಿ ಎಳೆದರೆ ರೇಷ್ಮೆ. ಕೆಳಗಿಳಿಸಿ ಹಿಡಿದರೆ ಸಾಯುವುದು. ಮೇಲಿಂದ ದಬಕ್ಕನೆ ಬೀಳಿಸಿದರೆ ನಾಲ್ಕು. ನಾಲ್ಕು ಎಳೆ ರೇಷ್ಮೆ ಅನ್ನಲು ಹೋಗಿ ನಾನು ಎಷ್ಟು ಸಲ ಸಾವಿನ ಸುದ್ದಿ ಹೇಳಿದ್ದೇನೋ ಲೆಕ್ಕ ಇಲ್ಲ. ಕೊಳ್ಳುವುದು, ಮಾರುವುದು ಎರಡಕ್ಕೂ "ಮಾಯ್" ಅಂತಲೇ ಅನ್ನುತ್ತಾರೆ. ಸ್ವರ ತಗ್ಗಿಸಿ ಅಂದರೆ ಕೊಳ್ಳುವುದು, ಬೀಳಿಸಿ ಅಂದರೆ ಮಾರುವುದು. ವ್ಯಾಪಾರಕ್ಕೆ ಕೂತವನಿಗೆ ಇದಕ್ಕಿಂತ ದೊಡ್ಡ ಗುಂಡಿ ಬೇಕಾ!

ಆದರೆ ಸ್ವರ ನಮಗೆ ಹೊಸದು ಅಂತ ಹೆದರಬೇಡಿ. "ಹೂಂ" ಅನ್ನುವುದನ್ನು ನೆನಪಿಸಿಕೊಳ್ಳಿ. ಅಜ್ಜಿ ಕಥೆ ಹೇಳುವಾಗ ಅನ್ನುವ ಹೂಂ, ಸಾಲ ಕೇಳಲು ಬಂದವನಿಗೆ ಅನ್ನುವ ಹೂಂ, "ಹೂಂ?" ಅನ್ನುವ ಹೂಂ, ಮಗ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದಾಗ ಅಪ್ಪ ಅನ್ನುವ ಹೂಂ. ನಮಗೆ ಅದರಿಂದ ಮನಸ್ಸು ಗೊತ್ತಾಗುತ್ತದೆ, ಅವರಿಗೆ ಪದವೇ ಬದಲಾಗುತ್ತದೆ. ಕಿವಿ ಮಾತ್ರ ಅದೇ ಕಿವಿ.

ಇನ್ನೊಂದು, ನಮ್ಮ ಕಾಗುಣಿತ ಇಂಗ್ಲಿಷಿಗಿಂತ ಎಷ್ಟೋ ವಾಸಿ. 1958ರಲ್ಲಿ ಚೀನಾ ಸರಕಾರ ರೋಮನ್ ಅಕ್ಷರದಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯನ್ನು ತಂದಿತು. ಅದರಲ್ಲಿ ಬಿ ಅಂತ ಬರೆದಿದ್ದನ್ನು ಓದುವುದು ನಮ್ಮ ಪ. ಪಿ ಅಂತ ಬರೆದಿದ್ದನ್ನು ಓದುವುದು ನಮ್ಮ ಮಹಾಪ್ರಾಣದ ಫ. ಇಂಗ್ಲಿಷಿನ ಎಫ್ ಅಲ್ಲ, ಮೇಷ್ಟ್ರು 'ಪ ಫ ಬ ಭ' ಹೇಳಿಸುತ್ತಿದ್ದರಲ್ಲ, ಆ ಫ. ಹಾಗೇ ತ, ಥ. ಕನ್ನಡದಲ್ಲಿ ಬರೆದಿಟ್ಟುಕೊಂಡರೆ ಗೊಂದಲವೇ ಇಲ್ಲ. ತಮಾಷೆ ಏನೆಂದರೆ, ಬರೆಯಲು ಬರುತ್ತದೆ, ಬಾಯಿಗೆ ಬರುವುದಿಲ್ಲ. ನಮ್ಮ ಕಡೆ ಧನ ಹೋಗಿ ದನ ಆಗಿ ಎಷ್ಟೋ ಕಾಲವಾಯಿತು.

ಇದರಿಂದ ನನಗೆ ಆದ ಅವಮಾನ ಹೇಳುತ್ತೇನೆ. ಆ ಇಬ್ಬರನ್ನೂ ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದಿದ್ದೆ. ಅಮ್ಮ ಮುದ್ದೆ, ಕೋಳಿಸಾರು ಮಾಡಿದ್ದರು. ಹಿರಿಯರು ಮುದ್ದೆಯನ್ನು ಚಮಚದಲ್ಲಿ ಕತ್ತರಿಸಿ ಅಗಿಯುತ್ತಿದ್ದರು, ನಮ್ಮಮ್ಮ "ಅಯ್ಯೋ, ನುಂಗೋಕೆ ಹೇಳಪ್ಪಾ" ಅಂತ ಒಂದೇ ಸಮ. ನುಂಗು ಅನ್ನುವುದು ನನಗೆ ಬರುತ್ತಿರಲಿಲ್ಲ. ಕೊನೆಗೆ ಇನ್ನೊಂದು ಮುದ್ದೆ ನನ್ನ ತಟ್ಟೆಗೇ ಬರುತ್ತಿದ್ದಾಗ ಗತ್ತಿನಿಂದ ಚೀನೀಯಲ್ಲಿ "ಹೊಟ್ಟೆ ತುಂಬಿತು" ಅಂದೆ. ಇಬ್ಬರೂ ಅನ್ನ ಗಂಟಲಿಗೆ ಸಿಕ್ಕಿಕೊಳ್ಳುವಷ್ಟು ನಕ್ಕರು. ಹೊಟ್ಟೆ ತುಂಬಿತು ಅನ್ನಲು "ತೂತ್ಸ ಪಾವ್ ಲ" ಅನ್ನಬೇಕು. ನಾನು ಮಹಾಪ್ರಾಣ ಬಿಡಬಾರದು ಅಂತ ಜಾಗ್ರತೆ ಮಾಡಿಕೊಂಡು, ಬೇಡದ ಕಡೆ ಉಸಿರು ಹಾಕಿ "ಥೂತ್ಸ ಫಾವ್ ಲ" ಅಂದಿದ್ದೆ. ಸ್ವರ ಸರಿಯಾಗಿಯೇ ಇತ್ತು, ಅರ್ಥ ಮಾತ್ರ 'ಮೊಲ ಓಡಿಹೋಯಿತು'. ಆಮೇಲೆ ಅವರು ಇಲ್ಲಿದ್ದಷ್ಟು ದಿನವೂ ಊಟ ಮುಗಿಸಿ ನನ್ನನ್ನು ಕೇಳುತ್ತಿದ್ದರು, ಮೊಲ ಓಡಿತಾ ಅಂತ.

ವ್ಯಾಕರಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೋದೆ, ಹೋದಳು, ಹೋದವು ಅನ್ನುವ ತಲೆನೋವು ಅಲ್ಲಿ ಇಲ್ಲ, ಎಲ್ಲರಿಗೂ "ಛ್ಯು". ಸಂಖ್ಯೆಯಲ್ಲಿ ಮಾತ್ರ ಎಡವುತ್ತೇವೆ. ನಾವು ಸಾವಿರ, ಲಕ್ಷ, ಕೋಟಿ ಅಂತ ಏರುತ್ತೇವೆ. ಅವರ ಮೆಟ್ಟಿಲು ಹತ್ತು ಸಾವಿರ, ಅದಕ್ಕೆ ವಾನ್ ಅನ್ನುತ್ತಾರೆ. ನಮ್ಮ ಲಕ್ಷ ಅವರಿಗೆ ಹತ್ತು ವಾನ್, ಕೋಟಿ ಸಾವಿರ ವಾನ್. ಇದನ್ನು ಒಂದು ಕಡೆ ಬರೆದು ಅಂಟಿಸಿಕೊಳ್ಳಿ.

ಲಿಪಿ ನೋಡಿದರೆ ಭಯ ಆಗುತ್ತದೆ, ನಿಜ. 2013ರಲ್ಲಿ ಚೀನಾ ಸರಕಾರ ಹೊರಡಿಸಿದ ಪಟ್ಟಿಯಲ್ಲಿ 8105 ಅಕ್ಷರಗಳಿವೆ, ಅದರಲ್ಲಿ ಮೊದಲ ದರ್ಜೆಯ 3500 ದಿನನಿತ್ಯದವು. ಆದರೆ ಅವು ಬಿಡಿಬಿಡಿ ಚಿತ್ರಗಳಲ್ಲ, ತುಂಡುಗಳನ್ನು ಜೋಡಿಸಿದವು. ನನಗೆ ಕೈಹಿಡಿದದ್ದು ರೇಷ್ಮೆಯ ತುಂಡು. ಕೆಂಪು ಅನ್ನುವ ಅಕ್ಷರದ ಎಡಗಡೆ ರೇಷ್ಮೆ ಇದೆ, ಹಸಿರಿನಲ್ಲೂ ಇದೆ. ದಾರದಲ್ಲಿ ಇದೆ, ಗಂಟಿನಲ್ಲಿ ಇದೆ, ಕಾಗದದಲ್ಲೂ ಇದೆ. ಶಿಡ್ಲಘಟ್ಟದವನಿಗೆ ಇದು ಸಂಬಂಧಿಕರ ಮದುವೆಗೆ ಹೋದ ಹಾಗೆ, ಯಾರ ಮುಖ ನೋಡಿದರೂ ಒಂದೇ ಮೂಗು. ಅಭ್ಯಾಸ ಅನ್ನಲು ಅವರು "ಲ್ಯೆನ್ ಶಿ" ಅನ್ನುತ್ತಾರೆ. ಆ ಲ್ಯೆನ್‌ನಲ್ಲೂ ರೇಷ್ಮೆ ಇದೆ, ಅದರ ಹಳೆಯ ಅರ್ಥ ಹಸಿ ರೇಷ್ಮೆಯನ್ನು ಬೇಯಿಸಿ ಮೆತ್ತಗೆ ಬಿಳಿ ಮಾಡುವುದು. ಹಸಿ ನೂಲು ಮುಟ್ಟಿದವರಿಗೆ ಗೊತ್ತು, ಅಂಟು ಹೋಗುವವರೆಗೂ ಅದು ಒರಟಾಗಿಯೇ ಇರುತ್ತದೆ.

ಅಂದಹಾಗೆ ಮಲ್ಲಿಗೆಗೆ ಅವರು "ಮೊಲಿ" ಅನ್ನುತ್ತಾರೆ, ಸಂಸ್ಕೃತದ ಮಲ್ಲಿಕಾ ಅಲ್ಲಿಗೆ ಹೋಗಿ ಹಾಗಾಯಿತು. ಇದನ್ನು ಕೇಳಿದ ಮೇಲೆ ನಮ್ಮಮ್ಮನಿಗೆ ಚೀನಾ ಅಷ್ಟು ದೂರ ಅನ್ನಿಸಲಿಲ್ಲ.

ಈಗ ಮರೆತ ಕಥೆಗೆ ಬರುತ್ತೇನೆ.

ಆ ಮೆಕ್ಯಾನಿಕ್‌ಗಳು ಊರಿಗೆ ಹೋದ ಮೇಲೂ ದಿನಾ ಚೀನಾದ ವೀಚಾಟ್ ಆ್ಯಪ್‌ನಲ್ಲಿ ಮಾತು ನಡೆಯುತ್ತಿತ್ತು. ಯಂತ್ರದ ಫೋಟೊ ಕಳಿಸುತ್ತಿದ್ದೆ, ಅವರು ಬೈದು ಉತ್ತರ ಕಳಿಸುತ್ತಿದ್ದರು. ಚೀನೀ ಎಷ್ಟು ಬರುತ್ತದೆ ಅಂತ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ 4ನೇ ಹಂತ, ಆಗಿನ ಲೆಕ್ಕದಲ್ಲಿ 1200 ಪದ, ಅದನ್ನೂ ಪಾಸು ಮಾಡಿದೆ. ಅಲ್ಲಿಗೆ ಭಾಷೆ ನನ್ನದಾಯಿತು ಅಂದುಕೊಂಡೆ. 2020 ಬಂತು. ಮೊದಲು ಕೊರೊನಾ, ವಿಮಾನ ನಿಂತವು. ಆಮೇಲೆ ಗಲ್ವಾನ್ ಗಡಿಯ ಘರ್ಷಣೆ. ಜೂನ್ 29ಕ್ಕೆ ಕೇಂದ್ರ ಸರಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ವೀಚಾಟ್ ಕೂಡ ಇತ್ತು. ನಿಷೇಧ ಸರಿಯೋ ತಪ್ಪೋ, ಅದು ಇವತ್ತಿನ ವಿಷಯ ಅಲ್ಲ. ನನಗೆ ಆದದ್ದು ಇಷ್ಟು: ದಿನಾ ಚೀನೀ ಮಾತಾಡಲು ಇದ್ದ ಒಂದೇ ಜಾಗ ಮುಚ್ಚಿತು.

ಎರಡು ವರ್ಷ ಆದ ಮೇಲೆ ಒಂದು ಬಿಡಿಭಾಗಕ್ಕಾಗಿ ಅವರಿಗೆ ಫೋನ್ ಮಾಡಬೇಕಾಯಿತು. ನಮಸ್ಕಾರ, ಊಟ ಆಯ್ತಾ, ಆರೋಗ್ಯ ಹೇಗಿದೆ, ಎಲ್ಲ ಸಲೀಸಾಗಿ ಬಂತು. ಬೇರಿಂಗ್ ಅನ್ನುವ ಪದ ಬರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಆಡಿದ್ದ ಪದ. ಬಾಯಿ ತೆರೆದರೆ ಏನು ಬಂತು ಗೊತ್ತಾ? "ಅದಿ... ಅದಿ..." ಅಂತ ತೆಲುಗು! ಚೀನೀಗೆ ತಲೆಯಲ್ಲಿ ಯಾವ ಜಾಗ ಇತ್ತೋ ಅಲ್ಲಿ ತೆಲುಗು ಬಂದು ಕೂತಿತ್ತು. ಅವರು ಆ ಕಡೆಯಿಂದ ಮೆತ್ತಗೆ "ಜೋಛಂಗ್" ಅಂದರು. ಕೇಳಿದ ಕ್ಷಣ ನೆನಪಾಯಿತು, ಅದೇ ಜಾಸ್ತಿ ನೋವು ಮಾಡಿದ್ದು.

ಆ ರಾತ್ರಿ ಕೂತು ಯೋಚಿಸಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ರೈತ ತೆಲುಗಿನಲ್ಲಿ ಮಾತು ಶುರು ಮಾಡುತ್ತಾನೆ, ರೀಲರ್ ಉರ್ದುವಿನಲ್ಲಿ ಗೊಣಗುತ್ತಾನೆ, ಚೀಟಿ ಕನ್ನಡದಲ್ಲಿ ಬರುತ್ತದೆ. ಇವರ್ಯಾರೂ ಭಾಷೆಯನ್ನು ಉಳಿಸಿಕೊಳ್ಳಲು ಅಂತ ಏನೂ ಮಾಡುವುದಿಲ್ಲ, ಪ್ರತಿ ಭಾಷೆಗೂ ಬೆಳಿಗ್ಗೆ ಎದ್ದರೆ ಒಂದು ಕೆಲಸ ಇದೆ ಅಷ್ಟೆ. ನನ್ನ ಚೀನೀಗೆ ಕೆಲಸ ಹೋಗಿತ್ತು. ಪರೀಕ್ಷೆ ಅನ್ನುವುದು ಕೆಲಸ ಅಲ್ಲ, ಅದು ಸಂದರ್ಶನ.

ಹಾಗಾಗಿ ಸಣ್ಣಸಣ್ಣ ಕೆಲಸ ಹುಡುಕಿ ಕೊಟ್ಟೆ. ಮಾರುಕಟ್ಟೆಯಲ್ಲಿ ಇ-ಹರಾಜಿನ ಪರದೆ ಮೇಲೆ ದರ ಬರುತ್ತದಲ್ಲ, ಅದನ್ನೆಲ್ಲ ಚೀನೀಯಲ್ಲಿ ಬಾಯೊಳಗೇ ಓದುತ್ತೇನೆ, ಪಕ್ಕದವರು ಮಂತ್ರ ಅಂದುಕೊಂಡಿದ್ದಾರೆ. ಅಂಗಡಿ ಚೀಟಿಯನ್ನು ಕೈಯಲ್ಲೇ ಚೀನೀ ಅಕ್ಷರದಲ್ಲಿ ಬರೆಯುತ್ತೇನೆ. ಕೈಬರಹ ಬಿಟ್ಟರೆ ಅಕ್ಷರ ಹೋಗುತ್ತದೆ. ಮೊಬೈಲಿನಲ್ಲಿ ಪಿನ್‌ಯಿನ್ ಒತ್ತಿ ಒತ್ತಿ ಚೀನಾದವರಿಗೇ ಮರೆತುಹೋಗುತ್ತಿದೆ, ಅದಕ್ಕೊಂದು ಮಾತೂ ಇದೆ ಅವರಲ್ಲಿ: ಪೆನ್ನು ಎತ್ತಿದರೆ ಅಕ್ಷರ ಮರೆತಿತು. ಆಮೇಲೆ ಭಾನುವಾರ ಭಾನುವಾರ ಐದು ನಿಮಿಷ ನನ್ನ ಮಾತು ರೆಕಾರ್ಡ್ ಮಾಡಿ ಹಿರಿಯರಿಗೆ ಇಮೇಲ್ ಮಾಡುತ್ತೇನೆ. ಮಳೆ, ಗೂಡಿನ ದರ, ಅಮ್ಮನ ಮಂಡಿ ನೋವು, ಇಂಥದ್ದೇ. ಅವರು ತಿದ್ದಿ ತಮ್ಮ ದನಿಯಲ್ಲಿ ವಾಪಸ್ ಕಳಿಸುತ್ತಾರೆ. ಅದನ್ನು ವಾರವಿಡೀ ಬೈಕಿನಲ್ಲಿ ಕೇಳುತ್ತೇನೆ, ಅದೇ ಐದು ನಿಮಿಷ, ಹದಿನೈದು ಇಪ್ಪತ್ತು ಸಲ. ಹೊಸ ಹೊಸ ವಿಡಿಯೊ ನೂರು ನೋಡುವುದಕ್ಕಿಂತ ಇದರಿಂದ ನನಗೆ ಜಾಸ್ತಿ ಉಪಯೋಗ ಆಗಿದೆ.

ಆಂಕಿ ಅಂತ ಒಂದು ಆ್ಯಪ್ ಇದೆ, 2006ರದ್ದು. ಮರೆಯುವ ಹೊತ್ತಿಗೆ ಸರಿಯಾಗಿ ಪದವನ್ನು ಮತ್ತೆ ಮುಂದೆ ತಂದು ನಿಲ್ಲಿಸುತ್ತದೆ. ಒಳ್ಳೆಯದೇ. ಆದರೆ ನಾನು ಉತ್ಸಾಹದಲ್ಲಿ ದಿನಕ್ಕೆ ನಲವತ್ತು ಹೊಸ ಪದ ಹಾಕಿಕೊಂಡೆ, ತಂಗಿ ಮದುವೆ ಅಂತ ಒಂದು ವಾರ ಮುಟ್ಟಲಿಲ್ಲ, ತೆರೆದು ನೋಡಿದರೆ 900 ಕಾರ್ಡು ಬಾಕಿ. ಬ್ಯಾಂಕಿನ ನೋಟಿಸ್ ಬಂದ ಹಾಗಾಯಿತು. ಈಗ ದಿನಕ್ಕೆ ಐದು, ಅದೂ ಬಿಡಿ ಪದ ಅಲ್ಲ, ಹಿರಿಯರು ಆ ವಾರ ಆಡಿದ ವಾಕ್ಯ. ಒಂದು ಧೈರ್ಯದ ಮಾತೂ ಇದೆ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ ತನ್ನ ನೆನಪಿನ ಮೇಲೆ ತಾನೇ ಪ್ರಯೋಗ ಮಾಡಿ 1885ರಲ್ಲಿ ಬರೆದಿಟ್ಟಿದ್ದಾನೆ: ಪೂರ್ತಿ ಮರೆತೆ ಅಂದುಕೊಂಡದ್ದನ್ನೂ ಎರಡನೇ ಸಲ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ನನಗೂ ಹಾಗೇ ಆಯಿತು. ಎರಡು ವರ್ಷದಲ್ಲಿ ಕಳೆದದ್ದು ನಾಲ್ಕೈದು ತಿಂಗಳಲ್ಲಿ ಬಹುಪಾಲು ವಾಪಸ್ ಬಂತು.

ಎಷ್ಟು ದಿನ ಹಿಡಿಯುತ್ತದೆ ಸರ್ ಅಂತ ಎಲ್ಲರೂ ಕೇಳುತ್ತೀರಿ. ಅಮೆರಿಕ ತನ್ನ ರಾಯಭಾರಿ ಕಚೇರಿಯವರಿಗೆ ಚೀನೀ ಕಲಿಸಲು ಇಟ್ಟಿರುವ ಲೆಕ್ಕ 88 ವಾರ, ತರಗತಿಯಲ್ಲೇ 2200 ಗಂಟೆ. ಅವರಿಗೆ ಅದೇ ಉದ್ಯೋಗ. ಮೂವತ್ತು ದಿನದಲ್ಲಿ ಚೀನೀ ಅಂತ ಗೋಡೆ ಮೇಲೆ ಬರೆದಿದ್ದರೆ ಆ ಗೋಡೆಯ ಪಕ್ಕ ನಿಲ್ಲಬೇಡಿ.

ಮಧ್ಯೆ ಏನೂ ಮುಂದೆ ಹೋಗದ ತಿಂಗಳುಗಳು ಬರುತ್ತವೆ. ನಮ್ಮ ಮನೆಗಳಲ್ಲಿ ಹುಳ ಜ್ವರಕ್ಕೆ ಕೂತಿದೆ ಅನ್ನುತ್ತೇವಲ್ಲ, ಚರ್ಮ ಬದಲಿಸುವ ಹೊತ್ತು, ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ಅದಕ್ಕೆ ಚೀನೀಯಲ್ಲಿ ಏನನ್ನುತ್ತೀರಿ ಅಂತ ಹಿರಿಯರನ್ನು ಕೇಳಿದ್ದೆ. "ಮ್ಯೆನ್" ಅಂದರು. ಅಂದರೆ ನಿದ್ದೆ. ಅದೇ ಹುಳ, ಅದೇ ನಾಲ್ಕು ಸಲ, ನಮಗೆ ಜ್ವರದ ಥರ ಕಂಡಿದೆ, ಅವರಿಗೆ ನಿದ್ದೆಯ ಥರ. ನನಗೆ ಅವರ ಪದವೇ ಹಿತ ಅನ್ನಿಸಿತು. ಮತ್ತೆ ಹುಳ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕಿಂತ ಜಾಸ್ತಿ ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ. ನಾನೂ 4ನೇ ಹಂತ ಮುಗಿಸಿ ಕೂತುಬಿಟ್ಟಿದ್ದೆ, ಓದು ಶುರುವಾಗಬೇಕಾದದ್ದೇ ಅಲ್ಲಿಂದ ಅಂತ ಗೊತ್ತಿರಲಿಲ್ಲ.

ಕೆಲಸ ಸಿಗುತ್ತದಾ ಅಂದರೆ, ದೇವನಹಳ್ಳಿ ಕಡೆ ತೈವಾನಿನ ಕಂಪನಿ ಬಂದಿರುವುದು ನಿಮಗೇ ಗೊತ್ತು, ಅವರೂ ಇದೇ ಭಾಷೆ ಆಡುತ್ತಾರೆ, ಬರೆಯುವಾಗ ಮಾತ್ರ ಹಳೆಯ, ಜಾಸ್ತಿ ಗೆರೆಯ ಅಕ್ಷರ. ಖಾತ್ರಿ ಅಂತೂ ನಾನು ಕೊಡುವುದಿಲ್ಲ.

ಸರಿ, ಪ್ರಶ್ನೆಗೆ ಮೊದಲು ಒಂದು ಆಟ. ಕೈಯಲ್ಲಿ ಆಹ್ವಾನ ಪತ್ರಿಕೆ ಇದೆಯಲ್ಲ, ಅದನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ. ಮೊದಲು ಹೊಟ್ಟೆ: ತೂತ್ಸ ಪಾವ್ ಲ. ಕಾಗದ ಅಲ್ಲಾಡಬಾರದು. ಈಗ ಮೊಲ: ಥೂತ್ಸ ಫಾವ್ ಲ. ಕಾಗದ ಹಾರಬೇಕು. ಹಾಂ, ಹುಡುಗರದ್ದು ಹಾರಿತು. ಎರಡನೇ ಸಾಲಿನಲ್ಲಿ ಯಜಮಾನರೇ, ನಿಮ್ಮ ಮೊಲ ಇನ್ನೂ ಕೂತೇ ಇದೆ. ಇನ್ನೊಂದು ಸಲ, ಸ್ವಲ್ಪ ಉಸಿರು ಬಿಟ್ಟು.