ಎಣಿಸಿ ಕಂಡ ನ್ಯೂಕ್ಲಿಯಸ್

(ರಾಷ್ಟ್ರೀಯ ವಿಜ್ಞಾನ ದಿನದಂದು ಧಾರವಾಡದ ಕಾಲೇಜೊಂದರಲ್ಲಿ ನೀಡಿದ ಉಪನ್ಯಾಸ)

ಗುರುಗಳೆ, ವಿದ್ಯಾರ್ಥಿ ಮಿತ್ರರೆ,

ಫೆಬ್ರುವರಿ 28 ಬಂತೆಂದರೆ ರಾಮನ್ ಅವರ ಬಗ್ಗೆ ಕೇಳೇ ಕೇಳುತ್ತೀರಿ. ಇವತ್ತು ನಾನು ನ್ಯೂಕ್ಲಿಯಸ್ಸಿನ, ಅಂದರೆ ಪರಮಾಣುವಿನ ನಟ್ಟನಡುವಿನ ತಿರುಳಿನ ಮಾತು ಎತ್ತುತ್ತೇನೆ. ಆ ಹೆಸರು ಬಂದ ಕೂಡಲೆ ನಮ್ಮ ಕಡೆ ನೆನಪಾಗೋದು ಎರಡೇ: ಪೋಖ್ರಾನ್, ಕೈಗಾ. ಬಾಂಬು, ಕರೆಂಟು. ಅದು ಒಳಗೆ ಹೇಗಿದೆ, ದುಂಡಗಿದೆಯೋ ಉದ್ದಕ್ಕಿದೆಯೋ ಎಂದು ಯಾರೂ ಕೇಳುವುದಿಲ್ಲ. ಅದನ್ನೇ ಕೇಳುವ ವಿಜ್ಞಾನ ಪೂರ್ತಿ ಎಣಿಕೆಯ ಮೇಲೆ ನಿಂತಿದೆ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚಿನ್ನದ ಒಂದು ಪರಮಾಣು ಹುಬ್ಬಳ್ಳಿಯಿಂದ ಧಾರವಾಡದಷ್ಟು, ಅಂದರೆ ಸುಮಾರು 20 ಕಿಲೋಮೀಟರ್ ಹಿಗ್ಗಿತು ಅಂತ ಇಟ್ಟುಕೊಳ್ಳಿ. ನಟ್ಟನಡುವೆ ರಾಯಾಪುರದ ಹತ್ತಿರ ಬಿದ್ದ ಒಂದು ಮೀಟರ್ ಅಗಲದ ಗುಂಡುಕಲ್ಲು, ಅದೇ ನ್ಯೂಕ್ಲಿಯಸ್. ತೂಕವೆಲ್ಲ ಆ ಕಲ್ಲಿನಲ್ಲೇ.

ಇದು ಗೊತ್ತಾಗಿದ್ದು ಹೇಗೆ? 1909ರ ಮ್ಯಾಂಚೆಸ್ಟರ್. ಭೌತವಿಜ್ಞಾನಿ ರುದರ್‌ಫರ್ಡ್ ಅವರ ಕೈಕೆಳಗೆ ಗೈಗರ್, ಅವರ ಜೊತೆಗೆ ಮಾರ್ಸ್ಡನ್ ಎಂಬ ಇಪ್ಪತ್ತರ ಹುಡುಗ. ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರ ವಯಸ್ಸೇ ನೋಡ್ರಿ! ಕತ್ತಲೆ ಕೋಣೆ. ಸತುವಿನ ಸಲ್ಫೈಡ್ ಬಳಿದ ಸಣ್ಣ ಪರದೆ, ಅದಕ್ಕೆ ಗುರಿ ಹಿಡಿದ ಸೂಕ್ಷ್ಮದರ್ಶಕ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವ ತನಕ ಸುಮ್ಮನೆ ಕೂರಬೇಕು. ವಿಕಿರಣ ಮೂಲದಿಂದ ಹಾರಿಬರುವ ಆಲ್ಫಾ ಕಣಗಳನ್ನು ತೆಳು ಲೋಹದ ತಗಡಿಗೆ ಬಿಡುತ್ತಿದ್ದರು; ಅಲ್ಲಿಂದ ಬಂದ ಒಂದು ಕಣ ಪರದೆಗೆ ಬಡಿದರೆ ಒಂದು ಮಿಣುಕು. ಎಣಿಸಬೇಕು. ಕಣ್ಣು ಸೋತರೆ ಇನ್ನೊಬ್ಬರು ಬಂದು ಕೂರಬೇಕು. ಲೋಹದ ತಗಡಿಗೆ ಬಿದ್ದ ಸುಮಾರು 8000 ಕಣಗಳಲ್ಲಿ ಒಂದು ಮಾತ್ರ ಹಿಂದಕ್ಕೆ ಪುಟಿಯುತ್ತಿತ್ತು. ಆ ಒಂದನ್ನು "ಇರಲಿ ಬಿಡು" ಎಂದು ಕೈಬಿಟ್ಟಿದ್ದರೆ ನ್ಯೂಕ್ಲಿಯಸ್ ಇಲ್ಲ! 1911ರಲ್ಲಿ ರುದರ್‌ಫರ್ಡ್ ಅದರ ಅರ್ಥ ಬಿಡಿಸಿದರು: ಪರಮಾಣುವಿನ ತೂಕವೆಲ್ಲ ನಡುವಿನ ಪುಟ್ಟ ಜಾಗದಲ್ಲಿ ಸೇರಿದ್ದರೆ ಮಾತ್ರ ಕಣ ಹೀಗೆ ಹಿಂದಕ್ಕೆ ಪುಟಿದೀತು. ಅವರ ಸೂತ್ರ ಸರಿಯೋ ತಪ್ಪೋ ನೋಡಲು ಇವರಿಬ್ಬರೂ ಮತ್ತೆ ಕತ್ತಲೆಗೆ ಹೋಗಿ, 1913ರ ಹೊತ್ತಿಗೆ ಒಂದು ಲಕ್ಷಕ್ಕೂ ಮೀರಿ ಮಿಣುಕುಗಳನ್ನು ಎಣಿಸಿದ್ದರು. ಕಣ್ಣಿನ ದುಡಿಮೆ ಅದು. ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟೊಂದು ಎಣಿಸೋದು ಯಾಕೆ? ಎಣಿಕೆಯ ವರ್ಗಮೂಲವೇ ಅದರ ಅನಿಶ್ಚಿತತೆ. ನೂರು ಎಣಿಸಿದರೆ ಅನಿಶ್ಚಿತತೆ ಹತ್ತು, ಅಂದರೆ ಶೇಕಡ ಹತ್ತು. ಹತ್ತು ಸಾವಿರ ಎಣಿಸಿದರೆ ಅದು ನೂರು, ಶೇಕಡ ಒಂದೇ ಒಂದು. ತಾಳ್ಮೆ ಇದ್ದವನಿಗೆ ನಿಸರ್ಗ ಸ್ಪಷ್ಟವಾಗುತ್ತದೆ.

ಈಗ ಕಣ್ಣಿನ ಜಾಗದಲ್ಲಿ ದ್ರವ ಸಾರಜನಕದಿಂದ ತಣ್ಣಗಿಟ್ಟ, ನ್ಯೂಕ್ಲಿಯಸ್ ಬಿಡುವ ಗಾಮಾ ಕಿರಣಗಳನ್ನು ಹಿಡಿಯುವ ಜರ್ಮೇನಿಯಂ ಹರಳು ಬಂದಿದೆ. 1986ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ ಪಲ್ಲಾಡಿಯಂಗೆ ಕ್ಯಾಲ್ಸಿಯಂ ಕಣಗಳನ್ನು ಬಡಿಸಿ ಡಿಸ್ಪ್ರೋಸಿಯಂ-152 ಎಂಬ ನ್ಯೂಕ್ಲಿಯಸ್ ಪಡೆದರು. ಗರಗರ ತಿರುಗುವ ಆ ನ್ಯೂಕ್ಲಿಯಸ್ ಗಾಮಾ ಕಿರಣ ಬಿಡುತ್ತ ಹಂತಹಂತವಾಗಿ ನಿಧಾನವಾಗುತ್ತದೆ. ಗ್ರಾಫಿನಲ್ಲಿ ಹತ್ತೊಂಬತ್ತು ಶಿಖರಗಳು, ನಡುವೆ ಸುಮಾರು 47 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ (ಇದು ಶಕ್ತಿಯ ಅಳತೆ) ಸಮ ಅಂತರ. ದುಂಡು ನ್ಯೂಕ್ಲಿಯಸ್ ಹೀಗೆ ತಿರುಗಲಾರದು. ಇದರ ಉದ್ದ ಅಗಲದ ಎರಡು ಪಟ್ಟು! ಆ ಶಿಖರಗಳೂ ಎಣಿಕೆಯೇ, ಲಕ್ಷಗಟ್ಟಲೆ ಎಣಿಕೆ.

ಬರುವಾಗ ಒಬ್ಬ ವಿದ್ಯಾರ್ಥಿ ಕೇಳಿದ, "ಸರ, ಇದರಿಂದ ನೌಕರಿ ಹತ್ತತೈತೇನ್ರಿ?" ಹತ್ತತೈತಪ್ಪಾ. ಆಸ್ಪತ್ರೆಯ ಪೆಟ್ ಸ್ಕ್ಯಾನ್ ಕೂಡ ಗಾಮಾ ಎಣಿಸುವ ಯಂತ್ರವೇ. ದಿಲ್ಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಇರುವುದೇ ವಿಶ್ವವಿದ್ಯಾಲಯದವರಿಗಾಗಿ. ಮುಂಬೈ, ಕೋಲ್ಕತ್ತದಲ್ಲೂ ವೇಗವರ್ಧಕಗಳು, ಅಂದರೆ ಕಣಗಳನ್ನು ಜೋರಾಗಿ ಓಡಿಸುವ ಯಂತ್ರಗಳು ಇವೆ. ಇಲ್ಲಿಂದ ಹೋಗುವವರು ಬೇಕು. ಆದರೆ ಎಷ್ಟೋ ಕಾಲೇಜುಗಳಲ್ಲಿ ವಿಕಿರಣ ಎಣಿಸುವ ಗೈಗರ್ ಕೌಂಟರ್ ಪರೀಕ್ಷೆಯ ದಿನ ಮಾತ್ರ ಕಪಾಟಿನಿಂದ ಹೊರಬರುತ್ತದೆ. ಪ್ರಾಧ್ಯಾಪಕ ಮಿತ್ರರೆ, ಆ ಬೀಗ ತೆಗೆಯಿರಿ.

ಚೀಟಿ ಬಂತು, ಹೊತ್ತಾಗಿದೆ. ನ್ಯೂಕ್ಲಿಯಸ್ಸನ್ನು ಹೆಚ್ಚು ಗಟ್ಟಿಯಾಗಿಸುವ ಮಾಂತ್ರಿಕ ಸಂಖ್ಯೆಗಳು, ಒಂದು ತುದಿ ದಪ್ಪಗಿರುವ ರೇಡಿಯಂ-224, ಲೀಥಿಯಂ-11ರ ಸುತ್ತಲಿನ ತೆಳು ನ್ಯೂಟ್ರಾನ್ ಪ್ರಭಾವಳಿ, ಇವೆಲ್ಲ ಹಾಗೇ ಉಳಿದವು. ಊಟ ಆದ ಮೇಲೆ ಲ್ಯಾಬಿಗೆ ಬನ್ನಿ, ಕೌಂಟರ್ ಮೇಜಿನ ಮೇಲಿದೆ. ಮೊದಲು ಐದು ನಿಮಿಷ ವಿಕಿರಣ ಮೂಲ ಇಡದೆ, ಬರೀ ಹಿನ್ನೆಲೆ ಎಣಿಸಿ. ಆ ಅಂಕಿಯನ್ನು ಬರೆದುಕೊಂಡೇ ನನ್ನ ಹತ್ತಿರ ಪ್ರಶ್ನೆ ತನ್ನಿ.